ಮಸುಕು ಲಾಂಛನಕ್ಕೆ ಹೊಸ ಗೆರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಜಾತ್ರೆ, ಬ್ರಹ್ಮಕಲಶ, ಬಯಲಾಟದ ದಿನಗಳು ಬಂದವೆಂದರೆ ಮಂಜೇಶ್ವರದಿಂದ ಕಾಸರಗೋಡಿನವರೆಗೂ ರಸ್ತೆಯ ಬದಿಯಲ್ಲಿ ಫ್ಲೆಕ್ಸ್‌ಗಳ ಸಾಲು. ಹತ್ತಿರ ಹೋಗಿ ನೋಡಿ. ಅಧ್ಯಕ್ಷರ ಮುಖ ಫಳಫಳ ಹೊಳೆಯುತ್ತಿರುತ್ತದೆ, ಸಂಘದ ಲಾಂಛನ ಮಾತ್ರ ಮಸುಕು. ಮೂಲ ಫೈಲ್ ಯಾರ ಹತ್ತಿರವೂ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ಪುಟ್ಟ ಚಿತ್ರವನ್ನೇ ಅಂಗಡಿಯವರು ಹಿಗ್ಗಿಸಿರುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ. ಅಗಲಕ್ಕೆ 400 ಪಿಕ್ಸೆಲ್, ಅಂದರೆ 400 ಬಣ್ಣದ ಚುಕ್ಕಿ, ಇರುವ ಚಿತ್ರವನ್ನು 10 ಅಡಿಗೆ ಎಳೆದರೆ ಒಂದೊಂದು ಪಿಕ್ಸೆಲೂ ಸುಮಾರು 7.6 ಮಿಲಿಮೀಟರಿನ ಚೌಕವಾಗುತ್ತದೆ. ಲಾಂಛನದಲ್ಲಿರುವ ಕಿರೀಟದ ಅಂಚು ಮೆಟ್ಟಿಲು ಮೆಟ್ಟಿಲಾಗದೆ ಇನ್ನೇನಾದೀತು? ಇಂಥ ಚೌಕಗಳ ಚಿತ್ರವೇ ರಾಸ್ಟರ್. ಇನ್ನೊಂದು ಬಗೆಯ ಚಿತ್ರ ವೆಕ್ಟರ್. ಅದರಲ್ಲಿ ಚೌಕಗಳಿಲ್ಲ, ಗೆರೆ ಎಲ್ಲಿ ಹೊರಟು, ಎತ್ತ ಬಾಗಿ, ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ಮಾತ್ರ. ಎಷ್ಟು ದೊಡ್ಡದು ಮಾಡಿದರೂ ಆ ಲೆಕ್ಕದಿಂದ ಗೆರೆ ಹೊಸದಾಗಿ ಮೂಡುತ್ತದೆ. ಈ ಬಾಗುಗೆರೆಗಳಿಗೆ ಬೆಜಿಯರ್ ಎಂದು ಹೆಸರು. ರೆನೋ ಕಾರು ಕಂಪನಿಯ ಇಂಜಿನಿಯರ್ ಪಿಯರ್ ಬೆಜಿಯರ್ 1960ರ ದಶಕದಲ್ಲಿ ಕಾರಿನ ಮೈಕಟ್ಟು ಬಿಡಿಸಲು ಇವನ್ನು ಬಳಸಿದರು. ನಮ್ಮ ಬಯಲಾಟದ ಕಿರೀಟಕ್ಕೂ ಅದೇ ಗಣಿತ!

ರಾಸ್ಟರನ್ನು ವೆಕ್ಟರ್ ಆಗಿಸಲು ದುಡ್ಡು ಬೇಕಿಲ್ಲ. ಇಂಕ್‌ಸ್ಕೇಪ್ ಉಚಿತ ತಂತ್ರಾಂಶ. ಅದರಲ್ಲಿ ‘ಟ್ರೇಸ್ ಬಿಟ್‌ಮ್ಯಾಪ್’ ಒತ್ತಿದರಾಯಿತು. ಒಳಗೆ ದುಡಿಯುವುದು ಪೀಟರ್ ಸೆಲಿಂಗರ್ ಬರೆದ ಪೊಟ್ರೇಸ್ ಎಂಬ ತಂತ್ರಾಂಶ. ಅದಕ್ಕೆ ತಿಳಿಯುವುದು ಕಪ್ಪು, ಬಿಳುಪು ಎರಡೇ. ಯಾವ ಬೂದು ಕಪ್ಪಿಗೆ ಸೇರಬೇಕು, ಯಾವುದು ಬಿಳುಪಿಗೆ ಎಂಬುದನ್ನು ನಾವು ಹೇಳಬೇಕು. ಹಾಗಾಗಿ ಮೊದಲು ಚಿತ್ರದ ಕೊಳೆ ತೆಗೆಯಿರಿ, ಕಾಂಟ್ರಾಸ್ಟ್ ಏರಿಸಿ. ಹಳೆಯ ರಶೀದಿ ಪುಸ್ತಕದಲ್ಲಿ ಲಾಂಛನ ಅಚ್ಚಾಗಿದ್ದರೆ ಇನ್ನೂ ಒಳ್ಳೆಯದು, ಅದನ್ನೇ ಸ್ಕ್ಯಾನ್ ಮಾಡಿ. ವಾಟ್ಸಾಪ್‌ನಲ್ಲೇ ತರಿಸಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ.

ನಿಜವಾದ ತಾಪತ್ರಯ ಕನ್ನಡ ಅಕ್ಷರಗಳದ್ದು. ಪುಡಿ ಚುಕ್ಕಿಗಳನ್ನು ಅಳಿಸಲು ‘ಸ್ಪೆಕಲ್ಸ್’ ಎಂಬ ಆಯ್ಕೆಯಿದೆ. ಅದನ್ನು ಜಾಸ್ತಿ ಮಾಡಿದಿರೋ, ಕಸದ ಜೊತೆ ‘ಠ’ದ ಹೊಟ್ಟೆಯೊಳಗಿನ ಬೊಟ್ಟೂ ಮಾಯ. ಚಿತ್ರ ಸಣ್ಣದಿದ್ದರೆ ‘ಧ’ದ ಕೆಳಗಿನ ಸೀಳು ಮುಚ್ಚಿಕೊಂಡು ‘ಧರ್ಮ’ ‘ದರ್ಮ’ವಾಗುತ್ತದೆ. ಒತ್ತಕ್ಷರಗಳು ಮುದ್ದೆಯಾಗುತ್ತವೆ. ನಮ್ಮೂರಿನ ಎಷ್ಟೋ ಅಂಗಡಿಗಳಲ್ಲಿ ಗಣಕದ ಮುಂದೆ ಕೂತವರು ಮಲಯಾಳ ಮಾತ್ರ ಓದಬಲ್ಲವರು. ಕೆಲಸದಲ್ಲಿ ನಿಪುಣರು, ಅದರಲ್ಲಿ ಎರಡು ಮಾತಿಲ್ಲ, ಆದರೆ ಈ ತಪ್ಪು ಅವರ ಕಣ್ಣಿಗೆ ಬೀಳುವುದು ಹೇಗೆ? ಬೋರ್ಡು ಕಟ್ಟಿದ ಮೇಲೆ ಕನ್ನಡ ಮೇಷ್ಟ್ರು ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ.

ಆದ್ದರಿಂದ ಕಿರೀಟವನ್ನೋ ದೀಪವನ್ನೋ ಟ್ರೇಸ್ ಮಾಡಿ, ಅಕ್ಷರವನ್ನು ಬೇಡ. ಯೂನಿಕೋಡ್ ಫಾಂಟ್‌ನಲ್ಲಿ ಹೊಸದಾಗಿ ಬೆರಳಚ್ಚು ಮಾಡಿ, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅದನ್ನೂ ಗೆರೆಯಾಗಿಸಿ. ಆಗ ಅಂಗಡಿಯ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡದು. ಗೆರೆಯಾದ ಮೇಲೆ ಅಕ್ಷರವಾಗಿ ತಿದ್ದಲು ಬರುವುದಿಲ್ಲ, ಹಿಂದಿನ ಪ್ರತಿಯೊಂದನ್ನು ಇಟ್ಟುಕೊಂಡಿರಿ.

ಅಧ್ಯಕ್ಷರ ಫೋಟೋವನ್ನು ವೆಕ್ಟರ್ ಮಾಡಲು ಹೋಗಬೇಡಿ. ಚರ್ಮದ ನಯವೆಲ್ಲ ಬಣ್ಣದ ತೇಪೆಗಳಾಗುತ್ತದೆ.

ಮುಗಿದ ಲಾಂಛನವನ್ನು ಎಸ್‌ವಿಜಿ ಎಂಬ ವೆಕ್ಟರ್ ರೂಪದಲ್ಲಿ ಉಳಿಸಿ, ಮುದ್ರಣಕ್ಕೆ ಪಿಡಿಎಫ್ ಪ್ರತಿ ಕೊಡಿ. ಎರಡನ್ನೂ ಸಂಘದ ಇಮೇಲ್‌ಗೆ ಹಾಕಿಡಿ, ಕಾರ್ಯದರ್ಶಿಯ ಫೋನಿನಲ್ಲಲ್ಲ. ಕಾರ್ಯದರ್ಶಿಗಳು ಬದಲಾಗುತ್ತಾರೆ, ಅವರ ಫೋನುಗಳು ಅದಕ್ಕಿಂತ ಬೇಗ.

ನಮಸ್ಕಾರ.