ಗಡೀಪಾರಾದ ಅಕೇಡಿಯನ್ ಹಿರಿಯರ ವಂಶಾವಳಿ

ಕೇಳುಗರಿಗೆ ನಮಸ್ಕಾರ.

ಇಂದಿನ ಕೆನಡಾದ ನೋವಾ ಸ್ಕೋಷಿಯಾದಲ್ಲಿ ನೆಲೆಯೂರಿದ್ದ ಫ್ರೆಂಚ್ ರೈತಾಪಿ ಜನ ಅಕೇಡಿಯನ್ನರು. 1755ರಲ್ಲಿ ಬ್ರಿಟಿಷರು ಅವರನ್ನು ಹಡಗುಗಳಿಗೆ ತುಂಬಿ, ಮ್ಯಾಸಚೂಸೆಟ್ಸ್‌ನಿಂದ ಜಾರ್ಜಿಯಾದವರೆಗೆ ಚದುರಿಸಿಬಿಟ್ಟರು. ಅವರಲ್ಲೊಬ್ಬರ ಮೂಲ ಹುಡುಕುವವರು ಎಡವುವುದು ನೇರವಾಗಿ 1755ಕ್ಕೆ ಹಾರಲು ಹೋಗಿ. ಅಕೇಡಿಯನ್ನರ ಊರಾದ ಗ್ರಾಂಪ್ರೇಯಲ್ಲಿ ಲೆಬ್ಲಾಂ ಮನೆತನದವರೇ ಎಷ್ಟೋ ಜನ. ಹೆಸರು ಹೊಂದಿತೆಂದು ಕೊಂಡಿ ಹಾಕಿದರೆ ಯಾರದೋ ಮುತ್ತಜ್ಜ ನಿಮ್ಮ ವಂಶಕ್ಕೆ ಸೇರಿಬಿಡುತ್ತಾನೆ.

ಕುಟುಂಬ ಕೊನೆಗೆ ನೆಲೆನಿಂತ ಕಡೆಯಿಂದ, ಅದು ಲೂಯಿಸಿಯಾನಾ ಇರಲಿ, ಕ್ವೆಬೆಕ್ ಇರಲಿ, ಚರ್ಚಿನ ಒಂದೊಂದೇ ದಾಖಲೆ ಹಿಡಿದು ಹಿಂದಕ್ಕೆ ನಡೆಯಿರಿ. ಅಲ್ಲಿ ಹೆಂಗಸರನ್ನು ತವರಿನ ಹೆಸರಿನಿಂದಲೇ ಬರೆದಿರುತ್ತಾರೆ.

ಮದುವೆ ದಾಖಲೆಯಲ್ಲಿ ರಕ್ತಸಂಬಂಧದ ವಿನಾಯಿತಿ, ಅಂದರೆ ನೆಂಟರೊಳಗಿನ ಮದುವೆಗೆ ಚರ್ಚು ಕೊಟ್ಟ ಅನುಮತಿ, ಕಂಡರೆ ಒಂದಕ್ಷರವನ್ನೂ ಬಿಡದೆ ಬರೆದುಕೊಳ್ಳಿ. ಎರಡನೆಯ ಡಿಗ್ರಿ ಎಂದರೆ ವಧೂವರರ ಅಜ್ಜ-ಅಜ್ಜಿ ಒಬ್ಬರೇ. ಮೂರನೆಯದಾದರೆ ಮುತ್ತಜ್ಜ-ಮುತ್ತಜ್ಜಿ, ನಾಲ್ಕನೆಯದಾದರೆ ಇನ್ನೂ ಒಂದು ತಲೆಮಾರು ಹಿಂದೆ. 'ಮೂರರಿಂದ ನಾಲ್ಕು' ಎಂದಿದ್ದರೆ ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ನಾಲ್ಕು ತಲೆಮಾರು ಏರಬೇಕು. ತಂದೆತಾಯಿಯ ದಾಖಲೆಯೇ ಕಳೆದುಹೋಗಿದ್ದರೂ, ಇರುವ ಮೂರ್ನಾಲ್ಕು ಸಾಧ್ಯತೆಗಳಲ್ಲಿ ಸರಿಯಾದುದನ್ನು ಈ ಒಂದು ಸಾಲು ಆರಿಸಿಕೊಡಬಲ್ಲದು. ನನ್ನ ಮಟ್ಟಿಗೆ ಇದಕ್ಕಿಂತ ಬೆಲೆಬಾಳುವ ಸುಳಿವು ಬೇರೊಂದಿಲ್ಲ.

ಇಂಗ್ಲಿಷ್ ವಸಾಹತುಗಳಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಸಿಗದೆ ಎಷ್ಟೋ ಜೋಡಿಗಳು ಸಾಕ್ಷಿಗಳೆದುರು ಮದುವೆಯಾದವು. ಮುಂದೆ ಪಾದ್ರಿ ಸಿಕ್ಕಾಗ ಅದನ್ನೇ ಊರ್ಜಿತಗೊಳಿಸಿ ಬರೆದರು. ಆ ದಿನಾಂಕವನ್ನು ಮದುವೆಯ ದಿನವೆಂದುಕೊಂಡರೆ, ಹಿರಿಯ ಮಕ್ಕಳು ಯಾರವರೆಂದೇ ತಿಳಿಯದೆ ಲೆಕ್ಕ ತಪ್ಪುತ್ತದೆ.

ಗ್ರಾಂಪ್ರೇಯಲ್ಲಿ ಗಡೀಪಾರು ನಡೆಸಿದ ಸೇನಾಧಿಕಾರಿ ಕರ್ನಲ್ ವಿನ್ಸ್ಲೋ ಬರೆದಿಟ್ಟ ಪಟ್ಟಿಯಲ್ಲಿ ಗಂಡಸರ ಹೆಸರು, ಗಂಡುಮಕ್ಕಳು ಎಷ್ಟು, ಹೆಣ್ಣುಮಕ್ಕಳು ಎಷ್ಟು, ಎತ್ತು ಹಸು ಕುರಿ ಎಷ್ಟು ಎಂಬುದಿದೆ, ಹೆಂಡತಿಯ ಹೆಸರಿಲ್ಲ. ಓದಲು ಸಂಕಟವಾಗುತ್ತದೆ. ಆದರೂ ಮಕ್ಕಳ ಸಂಖ್ಯೆ ತಾಳೆ ನೋಡಲು ಉಪಯುಕ್ತ.

ಅಕೇಡಿಯನ್ನರ ಇನ್ನೊಂದು ಊರಾದ ಪೋರ್ಟ್ ರಾಯಲ್‌ನ ಚರ್ಚಿನ 1702ರಿಂದ 1755ರ ದಾಖಲೆಗಳನ್ನು ನೋವಾ ಸ್ಕೋಷಿಯಾ ಪತ್ರಾಗಾರದ ಜಾಲತಾಣದಲ್ಲೇ ಓದಬಹುದು. ಗ್ರಾಂಪ್ರೇಯ ಪುಸ್ತಕಗಳನ್ನು ಗಡೀಪಾರಾದವರೇ ಜೋಪಾನವಾಗಿ ಹೊತ್ತೊಯ್ದರು. ಅವು ಈಗ ಲೂಯಿಸಿಯಾನಾದ ಬ್ಯಾಟನ್ ರೂಜ್ ಧರ್ಮಪ್ರಾಂತ್ಯದಲ್ಲಿವೆ. ಅದಕ್ಕೂ ಹಿಂದಕ್ಕೆ 1671 ಮತ್ತು 1686ರ ಜನಗಣತಿಗಳಿವೆ. ಅಲ್ಲಿನ ವಯಸ್ಸನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ.

ಪೂರ್ವಜರು ಫ್ರಾನ್ಸ್ ಸೇರಿದ್ದರೆ ಬೆಲ್ ಈಲ್ ದ್ವೀಪದ 1767ರ ಹೇಳಿಕೆಗಳನ್ನು ನೋಡಿ. ಅಲ್ಲಿ ನೆಲೆಗೊಂಡ ಕುಟುಂಬಗಳು ಪ್ರಮಾಣ ಮಾಡಿ ತಮ್ಮ ವಂಶವನ್ನು ತಲೆಮಾರುಗಟ್ಟಲೆ ಹಿಂದಕ್ಕೆ ಹೇಳಿ ಬರೆಸಿವೆ.