ಗುಳಿಗೆಯೊಳಗಿನ ಕ್ಯಾಮೆರಾ

ಕೇಳುಗರೆಲ್ಲರಿಗೂ ನಮಸ್ಕಾರ.

ಜೇವರ್ಗಿ ಕಡೆಯ ಒಬ್ಬ ಅಜ್ಜಿ ನಮ್ಮಲ್ಲಿಗೆ ಬಂದಿದ್ದರು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಕಣ್ಣಿನ ಒಳರೆಪ್ಪೆ ಬೆಳ್ಳಗೆ ಬಿಳಿಚಿಕೊಂಡಿತ್ತು. ಎರಡು ಸಲ ರಕ್ತ ಹಾಕಿಸಿದ್ದರು. ಬಾಯಿಯಿಂದ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವುದು, ಆಯ್ತು, ಕೆಳಗಿನಿಂದಲೂ ಆಯ್ತು. ಎಲ್ಲೂ ಹುಣ್ಣಿಲ್ಲ, ಗಾಯವಿಲ್ಲ. ಮತ್ತೆ ರಕ್ತ ಹೋಗುತ್ತಿರುವುದೆಲ್ಲಿ?

ನಡುವೆ ಸಣ್ಣ ಕರುಳಿದೆಯಲ್ವಾ, ಹಲವು ಮೀಟರ್ ಉದ್ದ. ಮಾಮೂಲಿ ಎಂಡೋಸ್ಕೋಪಿ ಅದರ ಎರಡು ತುದಿಗಳನ್ನಷ್ಟೇ ನೋಡುತ್ತದೆ. ಉಳಿದದ್ದಕ್ಕೆ ಕ್ಯಾಪ್ಸೂಲ್ ಎಂಡೋಸ್ಕೋಪಿ ಬೇಕು. 2001ರಿಂದ ಬಳಕೆಯಲ್ಲಿದೆ. ಸುಮಾರು 26 ಮಿಲಿಮೀಟರ್ ಉದ್ದದ ಗುಳಿಗೆ, ಒಳಗೆ ಕ್ಯಾಮೆರಾ, ದೀಪ, ಬ್ಯಾಟರಿ. ರಾತ್ರಿ ಉಪವಾಸವಿದ್ದು ಬೆಳಿಗ್ಗೆ ನೀರಿನ ಜೊತೆ ನುಂಗಬೇಕು. ಎಂಟು ಗಂಟೆಗೂ ಜಾಸ್ತಿ ಹೊತ್ತು ಅದು ಸೊಂಟಕ್ಕೆ ಕಟ್ಟಿದ ಯಂತ್ರಕ್ಕೆ ಫೋಟೋ ಕಳಿಸುತ್ತಲೇ ಇರುತ್ತದೆ.

ಅಜ್ಜಿಯ ಫೋಟೋಗಳನ್ನು ನೋಡುತ್ತಾ ಕೂತಾಗ ಒಂದು ಕಡೆ ನನ್ನ ಕೈ ನಿಂತಿತು. ನೂಲಿನೆಳೆಯಂಥ ಹುಳು, ಕರುಳಿನ ಗೋಡೆಯನ್ನು ಕಚ್ಚಿ ಹಿಡಿದಿದೆ. ಮೈಯೊಳಗೆ ಕೆಂಪು ಗೆರೆ. ಅದು ಅಜ್ಜಿಯ ರಕ್ತ. ಪಕ್ಕದಲ್ಲೇ ಇನ್ನೂ ಮೂರು. ಕೊಕ್ಕೆಹುಳು! ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದಾಗ ಇದರ ಮರಿಗಳು ಚರ್ಮ ತೂರಿ ಒಳಗೆ ಬರುತ್ತವೆ. ಸಾಮಾನ್ಯವಾಗಿ ಮಲ ಪರೀಕ್ಷೆಯಲ್ಲೇ ಮೊಟ್ಟೆ ಸಿಗುತ್ತದೆ, ಅಜ್ಜಿಗೆ ಸಿಕ್ಕಿರಲಿಲ್ಲ. ಹುಳುವಿನ ಔಷಧಿ ಅಲ್ಬೆಂಡಜೋಲ್, ಕಬ್ಬಿಣಾಂಶದ ಗುಳಿಗೆ, ಅಷ್ಟೇ ಚಿಕಿತ್ಸೆ.

ಬಹಳ ಅಪರೂಪದ ಸೋಂಕುಗಳೂ ಇವೆ. ವಿಪ್ಪಲ್ಸ್ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾದಿಂದ ಕರುಳಿನ ಒಳಪದರ ಊದಿ ಹಳದಿ-ಬಿಳಿಯಾಗುತ್ತದೆ. ಔಷಧಿ ತಿಂಗಳುಗಟ್ಟಲೆ ನಡೆಯಬೇಕು. ಆ ಬಿಳುಪು ಕರಗುತ್ತಿದೆಯಾ ಎಂದು ನಡುವೆ ಮತ್ತೊಂದು ಕ್ಯಾಪ್ಸೂಲ್ ನುಂಗಿಸಿ ನೋಡಬಹುದು. ಆದರೆ ಕ್ಯಾಪ್ಸೂಲ್ ಫೋಟೋ ಮಾತ್ರ ತೆಗೆಯುತ್ತದೆ, ಚೂರು ಕತ್ತರಿಸಿ ತರುವುದಿಲ್ಲ. ರೋಗ ಖಚಿತವಾಗಲು ಬಯಾಪ್ಸಿ, ಅಂದರೆ ಅಂಥ ಚೂರಿನ ಪರೀಕ್ಷೆ, ಬೇಕೇ ಬೇಕು.

ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಕೇಳಿ. ನಮ್ಮ ದೇಶದಲ್ಲಿ ಕರುಳಿನ ಟಿಬಿ ಇನ್ನೂ ಇದೆ. ಅದು ಕರುಳನ್ನು ಕಿರಿದು ಮಾಡುತ್ತದೆ. ಅಲ್ಲಿ ಕ್ಯಾಪ್ಸೂಲ್ ಸಿಕ್ಕಿಕೊಂಡರೆ ಆಪರೇಷನ್ನೇ ಬೇಕಾದೀತು. ಊಟವಾದ ಮೇಲೆ ಹೊಟ್ಟೆ ಹಿಂಡಿದಂತಾಗುವುದು, ಉಬ್ಬರ, ವಾಂತಿ, ಹಿಂದೆ ಟಿಬಿ ಆಗಿದ್ದು, ಹೊಟ್ಟೆಯ ಆಪರೇಷನ್ ಆಗಿದ್ದು, ಏನಿದ್ದರೂ ಮುಚ್ಚಿಡಬೇಡಿ. ಮೊದಲು ಸ್ಕ್ಯಾನ್ ಮಾಡುತ್ತೇವೆ. ಇಲ್ಲವೇ ಒಳಗೇ ಕರಗುವ ಖಾಲಿ ಕ್ಯಾಪ್ಸೂಲ್ ಕೊಟ್ಟು ದಾರಿ ನೋಡುತ್ತೇವೆ. ನುಂಗಿದ್ದು ಹೊರಬರುವ ತನಕ ಎಂಆರ್‌ಐ ಮಾತ್ರ ಮಾಡಿಸಬೇಡಿ.

ಅಜ್ಜಿಯೂ ನುಂಗುವ ಮೊದಲು ಇದನ್ನೇ ಕೇಳಿದ್ದರು: "ಸಾಹೇಬ್ರ, ಗುಳಿಗಿ ಒಳಗ ಸಿಕ್ಕೊಂಡ್ರ ಹ್ಯಾಂಗ್ರಿ?" ಸ್ಕ್ಯಾನಿನಲ್ಲಿ ದಾರಿ ಸರಿಯಿದೆ ಎಂದು ತೋರಿಸಿದ ಮೇಲೆಯೇ ಕೈ ಚಾಚಿದರು. ಎರಡನೇ ದಿನ ಮೊಮ್ಮಗನ ಫೋನ್ ಬಂತು, ಗುಳಿಗೆ ಹೊರಗೆ ಬಂದಿತ್ತು.

ನಮಸ್ಕಾರ.