ಅಗ್ಗದ ವಿಮಾನ ಹಾರುವುದು ಯಾವ ಲೆಕ್ಕದ ಮೇಲೆ?

ಕೇಳುಗರಿಗೆ ನಮಸ್ಕಾರ.

2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ಹತ್ತಿರ ಕಲಬುರಗಿ ವಿಮಾನ ನಿಲ್ದಾಣ ತೆರೆಯಿತು. ಎರಡೂವರೆ ತಿಂಗಳಾದ ಮೇಲೆ, 2020ರ ಫೆಬ್ರುವರಿ 7ರಂದು, ಬೀದರದಿಂದಲೂ ಬೆಂಗಳೂರಿಗೆ ವಿಮಾನ ಹಾರಿತು. ಆವತ್ತಿನಿಂದ ನಮ್ಮ ಭಾಗದ ಜನರ ಬೇಡಿಕೆ ಒಂದೇ: ಟಿಕೆಟ್ ದರ ಇಳಿಯಬೇಕು. ಬೇಡಿಕೆ ನ್ಯಾಯವಾದದ್ದು. ಆದರೆ ದರ ಇಳಿಯಬೇಕಾದರೆ ಮೊದಲು ಖರ್ಚು ಇಳಿಯಬೇಕು. ಖರ್ಚು ಹಾಗೇ ಇಟ್ಟುಕೊಂಡು ದರ ಇಳಿಸಿದ ಕಂಪನಿ ಬಹಳ ದಿನ ಬಾಳುವುದಿಲ್ಲ. ಅಗ್ಗದ ದರದ ವಿಮಾನ ಕಂಪನಿಗಳು ಖರ್ಚನ್ನು ಎಲ್ಲಿ ಇಳಿಸುತ್ತವೆ, ಆ ವಿದ್ಯೆ ನಮ್ಮ ಭಾಗಕ್ಕೆ ಎಷ್ಟು ಹೊಂದುತ್ತದೆ ಎಂಬುದು ಇವತ್ತಿನ ಮಾತು.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 1971ರಲ್ಲಿ ಸೌತ್‌ವೆಸ್ಟ್ ಎಂಬ ಕಂಪನಿ ಹಾರಾಟ ಶುರುಮಾಡಿತು. ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ, ಇವು ಮೂರೇ ಊರು. ಮರುವರ್ಷವೇ ರೊಕ್ಕದ ಅಡಚಣೆಯಾಗಿ, ಇದ್ದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ಆದರೆ ವೇಳಾಪಟ್ಟಿಯನ್ನು ಅವರು ಕಡಿಮೆ ಮಾಡಲಿಲ್ಲ. ನಾಲ್ಕು ವಿಮಾನದ ಕೆಲಸವನ್ನು ಮೂರರಿಂದ ತೆಗೆಯಲೇಬೇಕೆಂದು, ಇಳಿದ ವಿಮಾನವನ್ನು ಹತ್ತು ನಿಮಿಷದಲ್ಲಿ ಮತ್ತೆ ಹೊರಡಿಸುವುದನ್ನು ಕಲಿತರು. ಜಗತ್ತಿನ ಅಗ್ಗದ ವಿಮಾನ ಕಂಪನಿಗಳೆಲ್ಲ ಓದಿದ ಮೊದಲ ಪಾಠ ಇದೇ ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ಈ ಕೆಲಸಕ್ಕೆ ಇಪ್ಪತ್ತೈದು, ಮೂವತ್ತು ನಿಮಿಷ ಹಿಡಿಯುತ್ತದೆ. ಮುಂದಿನ ಸಲ ನಿಲ್ದಾಣದ ಗಾಜಿನ ಹಿಂದೆ ನಿಂತು ಗಮನಿಸಿ. ವಿಮಾನ ನಿಂತ ತಕ್ಷಣ ಗಾಲಿಗೆ ಅಡ್ಡಗಟ್ಟೆ ಇಡುತ್ತಾರೆ, ಏಣಿ ಹಚ್ಚುತ್ತಾರೆ. ಜನ ಇಳಿಯುತ್ತಿರುವಾಗಲೇ ಹೊಟ್ಟೆಯ ಬಾಗಿಲು ತೆರೆದು ಸಾಮಾನು ಇಳಿಸುವುದು ನಡೆದಿರುತ್ತದೆ. ಒಳಗೆ ಗಗನಸಖಿಯರೇ ಸೀಟಿನ ಚೀಲಗಳಲ್ಲಿ ಉಳಿದ ಕಾಗದ, ಬಾಟಲಿ ಆರಿಸಿ, ಬೆಲ್ಟು ಸರಿಪಡಿಸುತ್ತಾರೆ. ಪೈಲಟ್‌ಗಳಲ್ಲಿ ಒಬ್ಬರು ಕೆಳಗಿಳಿದು ಟೈರು, ರೆಕ್ಕೆ, ಎಂಜಿನ್ನಿನ ಬಾಯಿ ನೋಡುತ್ತ ಒಂದು ಸುತ್ತು ಹಾಕುತ್ತಾರೆ. ಬಿಸಿ ಊಟ ಇಲ್ಲದ ವಿಮಾನದಲ್ಲಿ ಊಟದ ಪೆಟ್ಟಿಗೆಗಳನ್ನು ಇಳಿಸಿ ಏರಿಸುವ ಕೆಲಸವೂ ಹಗುರ. ಊಟ ಕೊಡದಿರುವುದರಲ್ಲಿ ಅಕ್ಕಿ ಬೇಳೆಯ ಉಳಿತಾಯಕ್ಕಿಂತ ಹೊತ್ತಿನ ಉಳಿತಾಯ ದೊಡ್ಡದು.

ಹೊತ್ತಿಗೆ ಇಷ್ಟು ಬೆಲೆ ಯಾಕೆ? ಹೆಚ್ಚಿನ ಕಂಪನಿಗಳ ವಿಮಾನ ಸ್ವಂತದ್ದಲ್ಲ, ಬಾಡಿಗೆಯದು, ಅದೂ ಡಾಲರಿನ ಬಾಡಿಗೆ. ಹಾರಿದರೂ ಕೊಡಬೇಕು, ನಿಂತರೂ ಕೊಡಬೇಕು. ದಿನದ ಬಾಡಿಗೆ ಆರು ಲಕ್ಷ ಎಂದು ಸುಮ್ಮನೆ ಲೆಕ್ಕಕ್ಕೆ ಹಿಡಿಯೋಣ. ದಿನಕ್ಕೆ ನಾಲ್ಕು ಸಲ ಹಾರಿದರೆ ಒಂದೊಂದು ಹಾರಾಟದ ಮೇಲೆ ಒಂದೂವರೆ ಲಕ್ಷ ಬೀಳುತ್ತದೆ. ಆರು ಸಲ ಹಾರಿದರೆ ಒಂದೇ ಲಕ್ಷ. ಒಳಗೆ ನೂರು ಜನ ಕೂತಿದ್ದರೆ ತಲೆಗೆ ಐನೂರು ರೂಪಾಯಿ ಉಳಿಯಿತು. ಯಾರ ಸಂಬಳ ಕಡಿಯದೆ, ಒಂದು ಬೋಲ್ಟನ್ನೂ ಸಡಿಲ ಬಿಡದೆ ಉಳಿದ ರೊಕ್ಕ ಇದು. ಅಗ್ಗದ ಟಿಕೆಟ್ ಅಂದರೆ ಸುರಕ್ಷತೆಯಲ್ಲಿ ಕಡಿತ ಎಂಬ ಅಂಜಿಕೆ ಬಹಳ ಜನರಲ್ಲಿದೆ. ವಿಮಾನದ ತಪಾಸಣೆ, ಪೈಲಟ್‌ಗಳ ವಿಶ್ರಾಂತಿ, ಇವಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಇದೆ. ಟಿಕೆಟ್ ಎಷ್ಟರದ್ದು ಎಂದು ಆ ನಿಯಮ ಕೇಳುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ ಖಾಲಿ ಸೀಟು. ನಮ್ಮ ಟಂಟಂ ಆಟೊ ಚಾಲಕ ಸೀಟು ತುಂಬುವ ತನಕ ಕಲಬುರಗಿಯ ಸೂಪರ್ ಮಾರ್ಕೆಟ್ ಬಿಟ್ಟು ಕದಲುವುದಿಲ್ಲ. ವಿಮಾನಕ್ಕೆ ಆ ಸ್ವಾತಂತ್ರ್ಯ ಇಲ್ಲ. ವೇಳೆಗೆ ಹೊರಡಲೇಬೇಕು, ಬಾಗಿಲು ಮುಚ್ಚಿದ ಮೇಲೆ ಖಾಲಿ ಸೀಟಿನ ಬೆಲೆ ಸೊನ್ನೆ. ಅದಕ್ಕೇ ತಿಂಗಳು ಮೊದಲೇ ಕೊಳ್ಳುವವರಿಗೆ ಕಡಿಮೆ ದರ, ಕೊನೆಯ ದಿನ ಓಡಿಬಂದವರಿಗೆ ಹೆಚ್ಚು ದರ. ಪಕ್ಕದ ಸೀಟಿನವರು ಅರ್ಧ ದರದಲ್ಲಿ ಬಂದರೆಂದು ಸಿಟ್ಟಾಗುವುದು ಸಹಜ. ಆದರೆ ಮೊದಲೇ ಕೊಂಡ ಅವರಿಂದಲೇ ಆ ವಿಮಾನ ಹಾರುವ ಧೈರ್ಯ ಮಾಡಿದ್ದು.

ರಿಪೇರಿ, ತರಬೇತಿ ಒಂದೇ ಬಗೆಯದಾಗಲೆಂದು ಒಂದೇ ಮಾದರಿಯ ವಿಮಾನ ಇಟ್ಟುಕೊಳ್ಳುವುದು, ಟಿಕೆಟನ್ನು ತಾವೇ ನೇರವಾಗಿ ಮಾರುವುದು, ಸಾಮಾನಿಗೆ, ಬೇಕಾದ ಸೀಟಿಗೆ ಬೇರೆ ರೊಕ್ಕ ಪಡೆಯುವುದು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಒಂದೇ ಮಾದರಿ ಎಂಬುದರಲ್ಲಿ ಅಪಾಯವೂ ಉಂಟು, ಆ ಮಾದರಿಗೆ ತೊಂದರೆ ಬಂದರೆ ಒಮ್ಮೆಲೇ ಬಹಳ ವಿಮಾನಗಳಿಗೆ ತಟ್ಟುತ್ತದೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ಹಾರಾಟ ನಿಲ್ಲಿಸಿದಾಗ, ತನ್ನ ಅರ್ಧದಷ್ಟು ವಿಮಾನಗಳು ಎಂಜಿನ್ ಸಿಗದೆ ನೆಲ ಹಿಡಿದಿವೆ ಎಂದೇ ಕಾರಣ ಕೊಟ್ಟಿತು.

ನಮ್ಮ ದೇಶಕ್ಕೆ ಈ ವಿದ್ಯೆ ತಂದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಎಂಬುದು ಕನ್ನಡಿಗರ ಹೆಮ್ಮೆ. 2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್ ಶುರುವಾದದ್ದು ಚಿಕ್ಕ ಎಟಿಆರ್ ವಿಮಾನಗಳಿಂದ, ಹುಬ್ಬಳ್ಳಿಯಂಥ ಊರುಗಳಿಗೆ. ರೈಲಿನ ಎ.ಸಿ. ಬೋಗಿಯ ಪ್ರಯಾಣಿಕರನ್ನು ಅವರು ವಿಮಾನಕ್ಕೆ ಕರೆದರು. ಮುಂದೆ ಆ ಕಂಪನಿ ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು, ಕಿಂಗ್‌ಫಿಷರ್ 2012ರಲ್ಲಿ ನಿಂತುಹೋಯಿತು. ವೈಭವದ ಸೇವೆಯನ್ನೂ ಮಿತವ್ಯಯದ ಸೇವೆಯನ್ನೂ ಒಂದೇ ಸೂರಿನಡಿ ನಡೆಸಲು ಹೋದದ್ದು ಅದರ ತೊಂದರೆಗಳಲ್ಲಿ ಒಂದು. ಇತ್ತ ಇಂಡಿಗೊ 2005ರಲ್ಲಿ ಒಂದೇ ಮಾದರಿಯ ನೂರು ಏರ್‌ಬಸ್‌ಗಳಿಗೆ ಒಮ್ಮೆಲೇ ಬೇಡಿಕೆ ಇಟ್ಟು, 2006ರಲ್ಲಿ ಹಾರಾಟಕ್ಕಿಳಿದು, ಹಿಡಿದ ದಾರಿ ಬಿಡದೆ ಬೆಳೆಯಿತು.

ಈಗ ನಮ್ಮ ಊರಿಗೆ ಬರೋಣ. ಇಲ್ಲಿಗೆ ಬಂದವು ಐವತ್ತು, ಎಪ್ಪತ್ತು ಸೀಟಿನ ಚಿಕ್ಕ ವಿಮಾನಗಳು. ನೂರೆಂಬತ್ತು ಸೀಟಿನ ಏರ್‌ಬಸ್‌ಗೂ ಇಬ್ಬರು ಪೈಲಟ್, ಎಪ್ಪತ್ತು ಸೀಟಿನದಕ್ಕೂ ಇಬ್ಬರೇ. ಹಾಗಾಗಿ ಚಿಕ್ಕ ವಿಮಾನದಲ್ಲಿ ಸೀಟಿಗೆ ಬೀಳುವ ಖರ್ಚು ಹೆಚ್ಚು. ಈ ಕೊರತೆ ತುಂಬಲೆಂದೇ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಬಂತು. ಕೆಲವು ಸೀಟಿನ ದರಕ್ಕೆ ಮಿತಿ, ಅದರಿಂದಾಗುವ ನಷ್ಟಕ್ಕೆ ಸರ್ಕಾರದ ಸಹಾಯಧನ, ಇಂಧನದ ಮೇಲಿನ ತೆರಿಗೆಯಲ್ಲಿ ಭಾರಿ ಇಳಿಕೆ. ಆದರೆ ಸಹಾಯಧನದ ಅವಧಿ ಮೂರೇ ವರ್ಷ. ಬೀದರದ ವಿಮಾನಕ್ಕೆ ಎರಡು ತಿಂಗಳು ತುಂಬುವ ಮೊದಲೇ ಕೊರೊನಾ ಲಾಕ್‌ಡೌನ್ ಬಂತು. ಮುಂದೆ 2023ರ ಕೊನೆಗೆ ನಿಂತ ಸೇವೆ ಮತ್ತೆ ಶುರುವಾದದ್ದು 2025ರ ಏಪ್ರಿಲ್‌ನಲ್ಲಿ.

ನನ್ನ ಸಂಕಟ ಇರುವುದು ಇಲ್ಲಿ. ಯಾದಗಿರಿಯ ವ್ಯಾಪಾರಿಯೊಬ್ಬರಿಗೆ ಬೆಂಗಳೂರಿನಲ್ಲಿ ಒಂದು ದಿನದ ಕೆಲಸ ಇದೆ ಎನ್ನಿ. ವಿಮಾನ ನಡುಮಧ್ಯಾಹ್ನ ಇಳಿಸಿದರೆ ಕಚೇರಿಯ ಅರ್ಧ ದಿನ ಹೋಯಿತು. ಮರುದಿನ ವಾಪಸು ವಿಮಾನವೇ ಇಲ್ಲದಿದ್ದರೆ ಲಾಡ್ಜಿನ ಖರ್ಚು ಬೇರೆ. ಅದೇ ರಾತ್ರಿ ರೈಲು ಹತ್ತಿದರೆ ಮಲಗಿ ಏಳುವಷ್ಟರಲ್ಲಿ ಬೆಂಗಳೂರು. 2024ರಿಂದ ಕಲಬುರಗಿಗೆ ವಂದೇ ಭಾರತ್ ಕೂಡ ಇದೆ. ಬೀದರದವರಿಗೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ ಮೂರು ತಾಸಿನ ದಾರಿ, ಅಲ್ಲಿ ಬೇಕಾದ ಹೊತ್ತಿಗೆ ಬೇಕಾದ ಕಡೆಗೆ ವಿಮಾನ. ವಾರಕ್ಕೆ ಮೂರೋ ನಾಲ್ಕೋ ದಿನ ಹೊತ್ತಲ್ಲದ ಹೊತ್ತಿನಲ್ಲಿ ಹಾರಿಸಿ, ಸೀಟು ತುಂಬಲಿಲ್ಲ, ಈ ಭಾಗದಲ್ಲಿ ಪ್ರಯಾಣಿಕರಿಲ್ಲ ಎಂದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಯಾಣಿಕರಿದ್ದಾರೆ, ಅವರಿಗೆ ಒದಗುವ ವೇಳಾಪಟ್ಟಿ ಇಲ್ಲ. ದರದಲ್ಲಿ ಐನೂರು ರೂಪಾಯಿ ಇಳಿಸುವುದಕ್ಕಿಂತ, ದಿನಾಲೂ ಮುಂಜಾನೆ ಹೋಗಿ ಸಂಜೆ ಬರುವ ವಿಮಾನ ನಮಗೆ ಹೆಚ್ಚು ಬೇಕು.

ಕಲಬುರಗಿಯ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ, ಏರ್‌ಬಸ್ ಇಳಿಯುತ್ತದೆ. ಹಾಗಂತ ಈಗಲೇ ದೊಡ್ಡ ವಿಮಾನ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಅರ್ಧ ಖಾಲಿ ಏರ್‌ಬಸ್ ದಿನಕ್ಕೊಂದು ಬರುವುದಕ್ಕಿಂತ ಎಪ್ಪತ್ತು ಸೀಟಿನದು ದಿನಕ್ಕೆರಡು ಸಲ ಬರುವುದು ಮೇಲು. ವಿಮಾನ ಎರಡೂ ಕಡೆಯಿಂದ ತುಂಬಬೇಕು ಎಂಬುದನ್ನೂ ಮರೆಯಬಾರದು. ಬೀದರದ ನಾನಕ್ ಝೀರಾಕ್ಕೆ ಪಂಜಾಬ್, ದೆಹಲಿ ಕಡೆಯ ಸಿಖ್ಖರು ಬರುತ್ತಾರೆ. ಗಾಣಗಾಪುರಕ್ಕೆ ಮಹಾರಾಷ್ಟ್ರದವರು, ಬಂದೇ ನವಾಜರ ಉರುಸಿಗೆ ದೇಶದ ನಾನಾ ಕಡೆಯವರು ಬರುತ್ತಾರೆ. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಮೀರುವ ದೆಹಲಿಯ ದಾರಿಯಲ್ಲಿ ವಿಮಾನಕ್ಕೆ ರೈಲಿನ ಪೈಪೋಟಿ ಅಷ್ಟಿಲ್ಲ.

ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆಗಳು, ಸರ್ಕಾರಿ ಇಲಾಖೆಗಳು ತಿಂಗಳಿಗೆ ಇಂತಿಷ್ಟು ಸೀಟು ಕೊಳ್ಳುತ್ತೇವೆಂದು ಮುಂಗಡ ಒಪ್ಪಂದ ಬರೆದುಕೊಟ್ಟರೆ, ಯಾವ ಕಂಪನಿಗೂ ಅದು ಸಹಾಯಧನಕ್ಕಿಂತ ಗಟ್ಟಿ ಆಧಾರ. ನಮ್ಮ ವ್ಯಾಪಾರಿ ಸಂಘಗಳು ಪ್ರತಿ ಸಲ ಮಂತ್ರಿಗಳಿಗೆ ಮನವಿ ಪತ್ರ ಕೊಡುತ್ತ ಬಂದಿವೆ. ಈ ಸಲ ಯಾವ ವಾರ, ಯಾವ ಹೊತ್ತಿಗೆ, ಯಾವ ಊರಿಗೆ, ಎಷ್ಟು ಜನ ಎಂಬ ಪಟ್ಟಿ ಮಾಡಿಕೊಂಡು ನೇರವಾಗಿ ವಿಮಾನ ಕಂಪನಿಯವರ ಮುಂದೆ ಕೂಡಲಿ.

ನಮಸ್ಕಾರ.